ಮಸಾಲೆ ಕುಕ್ಕಿ: ಶರತ್ಕಾಲದ ಸಂಜೆಗೆ, ಚಕ್ಕೆ ಕುಟ್ಟುವುದರಿಂದ ಡಬ್ಬ ತುಂಬುವವರೆಗೆ

ಎಲೆ ಹಣ್ಣಾಗಿ ಉದುರುವ ಕಾಲ. ಕತ್ತಲೆ ದಿನಾ ಸ್ವಲ್ಪ ಸ್ವಲ್ಪ ಬೇಗ ಇಳಿಯುತ್ತದೆ, ಕಿಟಕಿ ತೆರೆದರೆ ತಣ್ಣನೆ ಗಾಳಿ, ಯಾಕೋ ಮನಸ್ಸೂ ಒಂದಿಷ್ಟು ಮಂಕು. ಇಂಥ ಸಂಜೆಗೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಮಸಾಲೆ ಕುಕ್ಕಿ. ಮಸಾಲೆ ಅಂದ ಕೂಡಲೇ ಖಾರದ ಬಿಸ್ಕತ್ತು ಅಂದುಕೊಳ್ಳಬೇಡಿ. ಇದು ಸಿಹಿ. ಚಕ್ಕೆ, ಒಣಶುಂಠಿ, ಲವಂಗ, ಜಾಯಿಕಾಯಿ ಹಾಕಿದ, ಅಂಚಿನಲ್ಲಿ ಗರಿ, ನಡುವೆ ಮೆತ್ತಗೆ, ಮೇಲೆ ಬಿರುಕು ಬಿಟ್ಟ ಕುಕ್ಕಿ.

ಎಷ್ಟೋ ವರ್ಷದಿಂದ ಇದನ್ನು ಮಾಡುತ್ತಾ ಬಂದಿದ್ದೇನೆ. ಅದರಿಂದ ನನಗೆ ಪಕ್ಕಾ ಆಗಿರುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕುಕ್ಕಿಯ ಘಮ ಓವನ್ ಹಚ್ಚುವುದಕ್ಕಿಂತ ತುಂಬಾ ಮುಂಚೆಯೇ ತೀರ್ಮಾನ ಆಗಿಬಿಟ್ಟಿರುತ್ತದೆ. ಮಸಾಲೆಯನ್ನು ಆಗಷ್ಟೇ ಕುಟ್ಟಿದಿರಾ, ಬೆಣ್ಣೆಯಲ್ಲಿ ಬೆಚ್ಚಗೆ ಮಾಡಿದಿರಾ, ಕಲಸಿದ ಹಿಟ್ಟಿಗೆ ಒಂದು ರಾತ್ರಿ ಬಿಡುವು ಕೊಟ್ಟಿರಾ? ಈ ಮೂರು ಆದರೆ ಉಳಿದದ್ದು ಸುಲಭ. ಹಾಗಾಗಿ ಇದನ್ನು ಎರಡು ಸಂಜೆಯ ಕೆಲಸ ಅಂತ ಇಟ್ಟುಕೊಳ್ಳಿ. ಮೊದಲ ಸಂಜೆ ಮುಕ್ಕಾಲು ಗಂಟೆ, ಎರಡನೇ ಸಂಜೆ ಒಂದು ಗಂಟೆ.

ಬೇಕಾಗುವ ಸಾಮಾನು

ಸುಮಾರು 22 ಕುಕ್ಕಿಗೆ ಈ ಅಳತೆ. ಒಂದು ಸಣ್ಣ ಅಡುಗೆ ತಕ್ಕಡಿ ಇದ್ದರೆ ದಯವಿಟ್ಟು ಅದನ್ನೇ ಬಳಸಿ. ಕಪ್ಪಿನಲ್ಲಿ ಅಳೆದರೆ ಮೈದಾ ಮೋಸ ಮಾಡುತ್ತದೆ. ಚಮಚದಿಂದ ಹಗುರವಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ಆಸುಪಾಸು ಇರುತ್ತದೆ. ಅದೇ ಕಪ್ಪನ್ನು ಡಬ್ಬಕ್ಕೇ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ದಾಟಬಹುದು. ಕುಕ್ಕಿ ಕಲ್ಲಾಗಲು ಅಷ್ಟು ವ್ಯತ್ಯಾಸ ಸಾಕು.

ಮೈದಾ – 290 ಗ್ರಾಂ
ಉಪ್ಪಿಲ್ಲದ ಬೆಣ್ಣೆ – 170 ಗ್ರಾಂ
ಬ್ರೌನ್ ಶುಗರ್ – 180 ಗ್ರಾಂ
ಕಾಕಂಬಿ, ಅಂದರೆ ಮೊಲಾಸಸ್ – 80 ಗ್ರಾಂ
ಮೊಟ್ಟೆ – 1
ಅಡುಗೆ ಸೋಡಾ – ಒಂದೂವರೆ ಟೀ ಚಮಚ
ಉಪ್ಪು – ಅರ್ಧ ಟೀ ಚಮಚ
ಚಕ್ಕೆ ಪುಡಿ – 2 ಟೀ ಚಮಚ
ಒಣಶುಂಠಿ ಪುಡಿ – 2 ಟೀ ಚಮಚ
ಏಲಕ್ಕಿ ಪುಡಿ – ಅರ್ಧ ಟೀ ಚಮಚ
ಲವಂಗದ ಪುಡಿ – ಕಾಲು ಟೀ ಚಮಚ
ಜಾಯಿಕಾಯಿ ತುರಿ – ಕಾಲು ಟೀ ಚಮಚ
ಕಾಳುಮೆಣಸಿನ ಪುಡಿ – ಕಾಲು ಟೀ ಚಮಚ
ಹೊರಳಿಸಲು ದಪ್ಪ ಹರಳಿನ ಸಕ್ಕರೆ – ಒಂದು ಹಿಡಿ

ಬ್ರೌನ್ ಶುಗರ್ ಇಲ್ಲವಾ? 165 ಗ್ರಾಂ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಕಾಕಂಬಿ ಹಾಕಿ ಬೆರಳಲ್ಲಿ ಚೆನ್ನಾಗಿ ತಿಕ್ಕಿ. ಅಷ್ಟೇ, ಬ್ರೌನ್ ಶುಗರ್ ಸಿದ್ಧ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬ್ರೌನ್ ಶುಗರ್ ಕೂಡ ಇದೇ. ಕಾಕಂಬಿಯೇ ಸಿಗದಿದ್ದರೆ ಅಷ್ಟೇ ತೂಕದ ಜೇನುತುಪ್ಪ ನಡೆಯುತ್ತದೆ. ಬಣ್ಣ ತಿಳಿಯಾಗುತ್ತದೆ, ಆ ಗಾಢವಾದ ರುಚಿ ಇರುವುದಿಲ್ಲ, ಆದರೂ ಕುಕ್ಕಿ ಚೆನ್ನಾಗಿಯೇ ಬರುತ್ತದೆ. ಜೇನು ಬೇಗ ಕಂದಾಗುವುದರಿಂದ ಒಂದು ನಿಮಿಷ ಮೊದಲೇ ತೆಗೆದು ನೋಡಿ. ಬ್ಲ್ಯಾಕ್‌ಸ್ಟ್ರಾಪ್ ಅಂತ ಬರೆದಿರುವ ಕಾಕಂಬಿ ಮಾತ್ರ ಬೇಡ. ಅದು ಕೊನೆಯ ಕುದಿಯಲ್ಲಿ ಉಳಿದದ್ದು, ತುಂಬಾ ಕಹಿ.

ಮೊಟ್ಟೆ ತಿನ್ನದವರು ಅದರ ಬದಲು 3 ದೊಡ್ಡ ಚಮಚ ಹಾಲು ಹಾಕಬಹುದು. ಕುಕ್ಕಿ ಸ್ವಲ್ಪ ಕಡಿಮೆ ಉಬ್ಬುತ್ತದೆ, ಅಷ್ಟೇ.

ಮಸಾಲೆ: ಇಲ್ಲಿ ಆತುರ ಬೇಡ

ಡಬ್ಬದಲ್ಲಿ ವರ್ಷದಿಂದ ಕೂತಿರುವ ಚಕ್ಕೆ ಪುಡಿಯನ್ನು ಅಂಗೈಗೆ ಹಾಕಿ ತಿಕ್ಕಿ ಮೂಸಿ ನೋಡಿ. ಘಮ ಮೂಗಿಗೆ ತಾನಾಗಿಯೇ ಬಂದರೆ ಸರಿ. ಹುಡುಕಬೇಕಾಗಿ ಬಂದರೆ ಆ ಪುಡಿಯಿಂದ ಕುಕ್ಕಿಗೂ ಏನೂ ಸಿಗುವುದಿಲ್ಲ. ಮಸಾಲೆಯ ಘಮ ಇರುವುದು ಅದರೊಳಗಿನ ಎಣ್ಣೆಯಲ್ಲಿ, ಆ ಎಣ್ಣೆ ಗಾಳಿಗೆ ಹಾರಿಹೋಗುವಂಥದ್ದು. ಇಡಿಯಾಗಿದ್ದಾಗ ಒಳಗೆ ಭದ್ರವಾಗಿರುತ್ತದೆ, ಪುಡಿ ಮಾಡಿದ ದಿನದಿಂದ ಕಡಿಮೆ ಆಗುತ್ತಾ ಹೋಗುತ್ತದೆ. ಅದಕ್ಕೇ ನಾನು ಇಡೀ ಮಸಾಲೆ ತಂದು ಅವತ್ತೇ ಕುಟ್ಟುತ್ತೇನೆ.

ಕುಟ್ಟಾಣಿಯಲ್ಲಿ ಕುಟ್ಟುವುದೇ ನನಗಿಷ್ಟ. ಮಿಕ್ಸಿಯಲ್ಲಿ ಹತ್ತು ಸೆಕೆಂಡಿನ ಕೆಲಸ, ನಿಜ. ಆದರೆ ಒಮ್ಮೆ, ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದೆ ಆಸ್ಪತ್ರೆ–ಮನೆ ಓಡಾಡುತ್ತಿದ್ದ ಒಂದು ಶರತ್ಕಾಲದಲ್ಲಿ, ರಾತ್ರಿ ನಿದ್ದೆ ಬಾರದೆ ಅಡುಗೆಮನೆಗೆ ಬಂದು ಸುಮ್ನೆ ಏಲಕ್ಕಿ ಸಿಪ್ಪೆ ಬಿಡಿಸಿ ಕುಟ್ಟುತ್ತಾ ಕೂತಿದ್ದೆ. ಕೈಗೆ ಕೆಲಸ, ಮೂಗಿಗೆ ಘಮ, ತಲೆಯೊಳಗಿನ ಗಲಾಟೆ ನಿಧಾನಕ್ಕೆ ಇಳಿಯಿತು. ಆಮೇಲೆ ಈ ಕೆಲಸವನ್ನು ನಾನು ಮಿಕ್ಸಿಗೆ ಬಿಟ್ಟಿಲ್ಲ. ಪುಡಿಯನ್ನು ಸಣ್ಣ ಜರಡಿಯಲ್ಲಿ ಸೋಸಿಕೊಳ್ಳಿ. ಹಲ್ಲಿಗೆ ಚಕ್ಕೆ ಚೂರು ಸಿಕ್ಕರೆ ಚೆನ್ನಾಗಿರುವುದಿಲ್ಲ.

ಚಕ್ಕೆಯಲ್ಲಿ ಎರಡು ಬಗೆ. ಒಂದು ದಪ್ಪ, ಗಟ್ಟಿ, ಒಂದೇ ಪದರ ಸುರುಳಿ ಸುತ್ತಿಕೊಂಡಿರುತ್ತದೆ. ಅದು ಕ್ಯಾಸಿಯಾ, ಖಾರ ಜಾಸ್ತಿ. ಇನ್ನೊಂದು ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಬೆರಳಲ್ಲೇ ಪುಡಿಯಾಗುವಂಥದ್ದು, ಸಿಲೋನ್ ಚಕ್ಕೆ. ಅದು ಸೌಮ್ಯ, ಸ್ವಲ್ಪ ಹೂವಿನ ವಾಸನೆ. ಕಾಕಂಬಿಯ ಜೊತೆ ನಿಲ್ಲಲು ಕ್ಯಾಸಿಯಾಗೆ ಬಲ ಇದೆ. ಜೇನುತುಪ್ಪದ ಕುಕ್ಕಿ ಮಾಡಿದಾಗ ನಾನು ಸಿಲೋನ್ ಹಾಕುತ್ತೇನೆ.

ಶುಂಠಿ ಒಣಗಿದ್ದೇ ಆಗಬೇಕು. ಹಸಿಶುಂಠಿ ಹಾಕಿದರೆ ಯಾಕಾಗಲ್ಲ ಅಂತ ಸುಮಾರು ಜನ ಕೇಳುತ್ತಾರೆ. ಹಸಿಶುಂಠಿಯ ಖಾರ ಜಿಂಜರಾಲ್ ಅನ್ನುವುದರಿಂದ ಬರುತ್ತದೆ. ಒಣಗಿಸಿದಾಗ ಅದರಲ್ಲಿ ಒಂದಿಷ್ಟು ಭಾಗ ಶೋಗಾಲ್ ಆಗಿ ಬದಲಾಗುತ್ತದೆ. ಶೋಗಾಲ್ ಇನ್ನೂ ಖಾರ, ಗಂಟಲಲ್ಲಿ ನಿಧಾನಕ್ಕೆ ಹರಡುವ ಬೆಚ್ಚನೆಯ ಖಾರ. ಚಳಿ ಸಂಜೆಗೆ ಬೇಕಾಗಿರುವುದು ಅದೇ ಅಲ್ವಾ? ಹಸಿಶುಂಠಿಯಲ್ಲಿ ನೀರೂ ಇರುತ್ತದೆ, ಹಿಟ್ಟಿನ ಹದ ಕೆಡುತ್ತದೆ. ಇಷ್ಟವಿದ್ದರೆ ಒಣಶುಂಠಿಯ ಜೊತೆಗೆ ಒಂದು ಟೀ ಚಮಚ ಹಸಿಶುಂಠಿ ತುರಿ ಸೇರಿಸಬಹುದು, ಬದಲಿಗೆ ಅಲ್ಲ.

ಲವಂಗ ಮತ್ತು ಜಾಯಿಕಾಯಿ ವಿಷಯದಲ್ಲಿ ಕೈ ಬಿಗಿ ಇರಲಿ. ಲವಂಗದಲ್ಲಿರುವ ಯೂಜಿನಾಲ್ ನಾಲಿಗೆಯನ್ನು ಮರಗಟ್ಟಿಸುತ್ತದೆ, ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚುವುದೂ ಅದಕ್ಕೇ. ಕಾಲು ಚಮಚ ದಾಟಿದರೆ ಕುಕ್ಕಿಗೆ ಔಷಧಿ ರುಚಿ ಬರುತ್ತದೆ. ಜಾಯಿಕಾಯಿ ಅಳತೆ ಮೀರಿದರೆ ರುಚಿ ಮಾತ್ರವಲ್ಲ, ಆರೋಗ್ಯವೂ ಕೆಡುತ್ತದೆ. ಕಾಳುಮೆಣಸು ನೋಡಿ ಹೆದರಬೇಡಿ. ಕಾಲು ಚಮಚದಲ್ಲಿ ಅದು ಬೇರೆಯಾಗಿ ಗೊತ್ತಾಗುವುದಿಲ್ಲ, ಶುಂಠಿಗೆ ಹಿಂದಿನಿಂದ ಒಂದು ತಳ್ಳು ಕೊಡುತ್ತದೆ ಅಷ್ಟೇ.

ಈಗ ಮುಖ್ಯವಾದ ಹೆಜ್ಜೆ. 170 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ತೆಗೆದು ಸಣ್ಣ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ. ನೊರೆ ಬರತೊಡಗಿದಾಗ ಉರಿ ಆರಿಸಿ, ಅಳೆದಿಟ್ಟ ಮಸಾಲೆ ಪುಡಿಯನ್ನೆಲ್ಲ ಹಾಕಿ ಒಂದು ನಿಮಿಷ ಕದಡಿ. ಒಗ್ಗರಣೆಯ ಲೆಕ್ಕವೇ ಇದೂ. ಮಸಾಲೆಯ ಘಮದ ಎಣ್ಣೆ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಬಿಸಿ ಸೋಕಿದಾಗ ಇನ್ನೂ ಬೇಗ. ಆಮೇಲೆ ಆ ಬೆಣ್ಣೆ ಹಿಟ್ಟಿನ ಮೂಲೆಮೂಲೆಗೂ ಘಮವನ್ನು ಹೊತ್ತೊಯ್ಯುತ್ತದೆ. ಒಣ ಪುಡಿಯನ್ನು ನೇರವಾಗಿ ಮೈದಾಕ್ಕೆ ಸೇರಿಸಿ ಮಾಡಿದ ಕುಕ್ಕಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ತಿಂದು ನೋಡಿದ್ದೇನೆ. ಅದರಲ್ಲಿ ಮಸಾಲೆ ನಾಲಿಗೆಯ ಮೇಲೆ ಪುಡಿಪುಡಿಯಾಗಿ ನಿಲ್ಲುತ್ತದೆ, ಇದರಲ್ಲಿ ಬೆಣ್ಣೆಯ ಜೊತೆ ಒಂದಾಗಿ ಕರಗುತ್ತದೆ. ಉರಿ ಮಾತ್ರ ಆರಿಸಲೇಬೇಕು, ಪುಡಿ ಬೇಗ ಸೀಯುತ್ತದೆ. ಸೀದರೆ ಚೆಲ್ಲಿ ಮತ್ತೆ ಮಾಡಿ, ಆ ಕಹಿಯನ್ನು ಸಕ್ಕರೆ ಮುಚ್ಚುವುದಿಲ್ಲ.

ಪಾತ್ರೆಯನ್ನು ಪಕ್ಕಕ್ಕಿಟ್ಟು ಪೂರ್ತಿ ತಣಿಯಲು ಬಿಡಿ. ಇದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು.

ಬೆಣ್ಣೆಯ ಹದ, ಹಿಟ್ಟಿನ ಹದ

ಉಳಿದ 130 ಗ್ರಾಂ ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆರಳಲ್ಲಿ ಒತ್ತಿದರೆ ಕುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹರಿಯಬಾರದು. ಥರ್ಮಾಮೀಟರ್ ಇದ್ದರೆ 18ರಿಂದ 20 ಡಿಗ್ರಿ ಸೆಲ್ಸಿಯಸ್. ಇದಕ್ಕೆ ಬ್ರೌನ್ ಶುಗರ್ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಬಡಿಯಿರಿ. ಬೀಟರ್ ಆದರೂ ಸರಿ, ಮರದ ಸೌಟಾದರೂ ಸರಿ. ಸಕ್ಕರೆಯ ಹರಳುಗಳು ಬೆಣ್ಣೆಯನ್ನು ಕೊರೆಯುತ್ತಾ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಒಳಗೆ ಸೇರಿಸುತ್ತವೆ. ಮುಂದೆ ಸೋಡಾದ ಗಾಳಿ ತುಂಬಿಕೊಳ್ಳುವುದು ಇವೇ ಗುಳ್ಳೆಗಳಲ್ಲಿ. ಬೆಣ್ಣೆ ಕರಗಿದ್ದರೆ ಗುಳ್ಳೆ ನಿಲ್ಲುವುದಿಲ್ಲ. ಹಾಗಂತ ಕೇಕಿಗೆ ಬಡಿದ ಹಾಗೆ ಬೆಳ್ಳಗಾಗುವವರೆಗೂ ಬಡಿಯಬೇಡಿ, ಗಾಳಿ ಜಾಸ್ತಿಯಾಗಿ ಓವನ್‌ನಲ್ಲಿ ಉಬ್ಬಿ ಕುಸಿಯುತ್ತದೆ.

ತಣಿದ ಮಸಾಲೆ ಬೆಣ್ಣೆಯನ್ನು, ಪಾತ್ರೆಯ ತಳ ಕೆರೆದು, ಇದಕ್ಕೆ ಸೇರಿಸಿ. ಆಮೇಲೆ ಮೊಟ್ಟೆ, ಆಮೇಲೆ ಕಾಕಂಬಿ. ಮೊಟ್ಟೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾದರೆ ಬೆಣ್ಣೆ ಒಡೆದು ಮೊಸರಾದ ಹಾಗೆ ಕಾಣುತ್ತದೆ. ಗಾಬರಿ ಬೇಡ, ಮೈದಾ ಬಿದ್ದ ಮೇಲೆ ಸರಿಹೋಗುತ್ತದೆ.

ಮೈದಾ, ಸೋಡಾ, ಉಪ್ಪು ಮೂರನ್ನೂ ಒಟ್ಟಿಗೆ ಜರಡಿ ಹಿಡಿಯಿರಿ, ಇದನ್ನು ಬಿಡಬೇಡಿ. ಸೋಡಾ ಗಂಟಾಗಿ ಉಳಿದರೆ ಆ ಜಾಗದಲ್ಲಿ ಕಚ್ಚಿದವರಿಗೆ ಸೋಪಿನ ರುಚಿ. ಬೇಕಿಂಗ್ ಪೌಡರ್ ಬದಲು ಸೋಡಾ ಯಾಕೆ ಅಂದರೆ, ಕಾಕಂಬಿ ಮತ್ತು ಬ್ರೌನ್ ಶುಗರ್ ಎರಡರಲ್ಲೂ ಸ್ವಲ್ಪ ಹುಳಿಯ ಅಂಶ ಇದೆ, ಸೋಡಾ ಅದರ ಜೊತೆ ಸೇರಿ ಗಾಳಿ ಬಿಡುತ್ತದೆ. ಉಳಿದ ಸೋಡಾದಿಂದ ಹಿಟ್ಟು ಚೆನ್ನಾಗಿ ಹರಡುತ್ತದೆ, ಬೇಗ ಕಂದಾಗುತ್ತದೆ, ಮೇಲಿನ ಬಿರುಕಿಗೂ ಅದರ ಪಾಲಿದೆ.

ಒಣ ಹಿಟ್ಟನ್ನು ಎರಡು ಸಲಕ್ಕೆ ಹಾಕಿ ಸೌಟಲ್ಲಿ ಮಡಚಿ ಮಡಚಿ ಬೆರೆಸಿ. ಬಿಳಿ ಕಾಣುವುದು ನಿಂತ ಕೂಡಲೇ ಕೈ ನಿಲ್ಲಿಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಅಂಟು ಕಟ್ಟಿಕೊಂಡು ಕುಕ್ಕಿ ರಬ್ಬರ್ ಆಗುತ್ತದೆ. ಈಗ ಹಿಟ್ಟು ಮೆತ್ತಗೆ, ಅಂಟಂಟಾಗಿ, ಉಂಡೆ ಕಟ್ಟಲು ಆಗದ ಹಾಗೆ ಇರುತ್ತದೆ. ಇನ್ನೊಂದು ಹಿಡಿ ಮೈದಾ ಹಾಕೋಣ ಅಂತ ಆಸೆಯಾಗುತ್ತದೆ. ಹಾಕಬೇಡಿ. ಅದು ತಣಿದಾಗ ಗಟ್ಟಿಯಾಗುತ್ತದೆ.

ಒಂದು ಎಚ್ಚರಿಕೆ, ಮಕ್ಕಳು ಜೊತೆಗಿದ್ದರೆ ಇನ್ನೂ ಮುಖ್ಯ. ಹಸಿ ಹಿಟ್ಟನ್ನು ನೆಕ್ಕಬೇಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು ಅಂತ ಹೆಚ್ಚಿನವರಿಗೆ ಗೊತ್ತು, ಆದರೆ ಬೇಯದ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಮೊಟ್ಟೆ ಹಾಕದಿದ್ದರೂ ಈ ಮಾತು ಅನ್ವಯಿಸುತ್ತದೆ.

ಒಂದು ರಾತ್ರಿಯ ಬಿಡುವು

ಹಿಟ್ಟನ್ನು ಮುಚ್ಚಿದ ಡಬ್ಬದಲ್ಲಿ ಫ್ರಿಜ್‌ಗೆ ಇಡಿ. ಕಡೇ ಪಕ್ಷ ಎರಡು ಗಂಟೆ, ಚೆನ್ನಾಗಿ ಬರಬೇಕಾದರೆ 12ರಿಂದ 24 ಗಂಟೆ. ಮೂರು ದಿನದವರೆಗೂ ಏನೂ ಆಗುವುದಿಲ್ಲ.

ಈ ಹೊತ್ತಿನಲ್ಲಿ ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ಹಾಗಾಗಿ ಓವನ್‌ನಲ್ಲಿ ಕುಕ್ಕಿ ಏಕಾಏಕಿ ಹರಿದುಹೋಗುವುದಿಲ್ಲ. ಮೈದಾ ಮೊಟ್ಟೆಯ, ಕಾಕಂಬಿಯ ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಮಸಾಲೆಗಳ ಚೂಪು ಕಡಿಮೆಯಾಗಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅವತ್ತೇ ಬೇಕ್ ಮಾಡಿದ ಕುಕ್ಕಿಯಲ್ಲಿ ಲವಂಗ ಬೇರೆ, ಶುಂಠಿ ಬೇರೆ ಅಂತ ಗೊತ್ತಾಗುತ್ತದೆ. ಮರುದಿನದ್ದರಲ್ಲಿ ಅವೆಲ್ಲ ಸೇರಿ ಒಂದೇ ರುಚಿ. ಕಾಯಲು ಮನಸ್ಸಿಲ್ಲದ ದಿನ ಎರಡು ಉಂಡೆ ಮಾತ್ರ ಅವತ್ತೇ ಬೇಕ್ ಮಾಡಿ ತಿನ್ನಿ, ಉಳಿದದ್ದು ನಾಳೆಗಿರಲಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಎರಡನೇ ಸಂಜೆ, ಓವನ್ ಮುಂದೆ

ಓವನ್ 175 ಡಿಗ್ರಿಗೆ ಹಾಕಿ ಇಪ್ಪತ್ತು ನಿಮಿಷ ಕಾಯಲಿ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ಕಾದಿದೆ ಅಂತ ತೋರಿಸುವ ಓವನ್‌ನ ದೀಪ ಆರಿದ ಕೂಡಲೇ ಟ್ರೇ ಇಡಬೇಡಿ. ಗಾಳಿ ಕಾದಿರುತ್ತದೆ, ಗೋಡೆಗಳು ಇನ್ನೂ ಕಾದಿರುವುದಿಲ್ಲ, ಬಾಗಿಲು ತೆರೆದ ತಕ್ಷಣ ಬಿಸಿಯೆಲ್ಲ ಹೊರಗೆ. ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ನಿಜವಾದ ಡಿಗ್ರಿಗೂ ವ್ಯತ್ಯಾಸ ಇರುವ ಓವನ್‌ಗಳು ಬೇಕಾದಷ್ಟಿವೆ. ಒಳಗೆ ತೂಗುಹಾಕುವ ಒಂದು ಸಣ್ಣ ಥರ್ಮಾಮೀಟರ್ ತಂದುಕೊಂಡರೆ ಎಷ್ಟೋ ಗೊಂದಲ ತಪ್ಪುತ್ತದೆ.

ಹಿಟ್ಟು ಕಲ್ಲಿನ ಹಾಗಿದ್ದರೆ ಹತ್ತು ನಿಮಿಷ ಹೊರಗಿಡಿ. ಆಮೇಲೆ 35 ಗ್ರಾಂನ ಉಂಡೆ ಕಟ್ಟಿ, ಹೆಚ್ಚುಕಡಿಮೆ ದೊಡ್ಡ ನೆಲ್ಲಿಕಾಯಿ ಗಾತ್ರ. ದಪ್ಪ ಸಕ್ಕರೆಯಲ್ಲಿ ಹೊರಳಿಸಿ. ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ಒಂದಕ್ಕೊಂದು 6–7 ಸೆಂಟಿಮೀಟರ್ ದೂರ ಇಡಿ. ಒತ್ತಿ ಚಪ್ಪಟೆ ಮಾಡಬೇಡಿ, ತಾವಾಗಿಯೇ ಕೂರುತ್ತವೆ.

ಮೊದಲು ಒಂದೇ ಒಂದು ಉಂಡೆ ಇಟ್ಟು ನೋಡಿ. ಎಲ್ಲರಿಗೂ ನಾನು ಹೇಳುವ ಮಾತು ಇದು, ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಓವನ್, ನಿಮ್ಮ ಮೈದಾ, ನಿಮ್ಮ ಬೆಣ್ಣೆಗೆ ಎಷ್ಟು ನಿಮಿಷ ಅನ್ನುವುದು ಆ ಒಂದು ಕುಕ್ಕಿಯಿಂದ ತಿಳಿಯುತ್ತದೆ. ಅದು ತೀರಾ ಹರಿದರೆ ಉಳಿದ ಉಂಡೆಗಳನ್ನು ಇನ್ನರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹರಡದೆ ಗುಂಡಗೇ ಉಳಿದರೆ ಉಳಿದವನ್ನು ಅಂಗೈಯಲ್ಲಿ ಸ್ವಲ್ಪ ಒತ್ತಿ.

ಆಮೇಲೆ ಟ್ರೇ ತುಂಬ ಇಟ್ಟು, ನಡುವಿನ ಹಂತದಲ್ಲಿ, 10ರಿಂದ 11 ನಿಮಿಷ. ಏಳನೇ ನಿಮಿಷಕ್ಕೆ ಟ್ರೇ ಹಿಂದುಮುಂದು ತಿರುಗಿಸಿ. ಅಷ್ಟು ಹೊತ್ತಿಗೆ ಚಕ್ಕೆ ಘಮ ಮನೆಯ ಕೊನೇ ಕೋಣೆಗೂ ಹೋಗಿರುತ್ತದೆ, ಯಾರಾದರೂ ಬಂದು ಆಯ್ತಾ ಅಂತ ಕೇಳಿಯೇ ಕೇಳುತ್ತಾರೆ.

ಆಯಿತು ಅಂತ ಗೊತ್ತಾಗುವುದು ಹೇಗೆ? ಈ ಹಿಟ್ಟು ಮೊದಲೇ ಕಂದು, ಹಾಗಾಗಿ ಬಣ್ಣ ನೋಡಿ ಹೇಳಲಾಗದು. ಅಂಚು ನೋಡಿ. ಅಂಚು ಗಟ್ಟಿಯಾಗಿ, ಹೊಳಪಿಲ್ಲದೆ ಇರಬೇಕು. ನಡುಭಾಗ ಉಬ್ಬಿ, ಬಿರುಕುಗಳ ಒಳಗೆ ಇನ್ನೂ ಹಸಿ ಹಸಿ ಹೊಳಪು ಕಾಣಬೇಕು. ಇದೇ ಹೊತ್ತು. ಇನ್ನೊಂದೆರಡು ನಿಮಿಷ ಇರಲಿ ಅನ್ನಿಸುತ್ತದೆ, ಬಿಡಬೇಡಿ, ತೆಗೆಯಿರಿ. ಬಿಸಿ ಟ್ರೇ ಮೇಲೆ ಅವು ಇನ್ನೂ ಐದು ನಿಮಿಷ ಬೇಯುತ್ತಲೇ ಇರುತ್ತವೆ. ಓವನ್‌ನಲ್ಲೇ ಪೂರ್ತಿ ಬೆಂದಂತೆ ಕಂಡ ಕುಕ್ಕಿ ತಣಿದ ಮೇಲೆ ಗಟ್ಟಿ.

ಟ್ರೇ ಮೇಲೆ ಐದು ನಿಮಿಷ, ಆಮೇಲೆ ಜಾಲರಿಯ ಮೇಲೆ. ಬಿಸಿಯಲ್ಲಿ ಎತ್ತಲು ಹೋದರೆ ಮುರಿಯುತ್ತದೆ. ಇದೇ ಟ್ರೇಯಲ್ಲಿ ಮುಂದಿನ ಸುತ್ತು ಇಡುವುದಾದರೆ ಪೂರ್ತಿ ತಣಿಸಿಕೊಳ್ಳಿ. ಬಿಸಿ ಟ್ರೇಗೆ ಉಂಡೆ ತಾಗಿದರೆ ಓವನ್‌ಗೆ ಹೋಗುವ ಮೊದಲೇ ಬೆಣ್ಣೆ ಕರಗತೊಡಗುತ್ತದೆ.

ಗರಿಗರಿ ಕುಕ್ಕಿ ಬೇಕೆನ್ನುವವರಿಗೆ: ಬ್ರೌನ್ ಶುಗರ್ ಅರ್ಧ ಮಾಡಿ ಆ ಅರ್ಧಕ್ಕೆ ಬಿಳಿ ಸಕ್ಕರೆ ಹಾಕಿ, ಸಣ್ಣ ಉಂಡೆ ಕಟ್ಟಿ ಚಪ್ಪಟೆ ಮಾಡಿ, 160 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಜಾಸ್ತಿ ಬಿಡಿ. ಚಹಾದಲ್ಲಿ ಅದ್ದಿ ತಿನ್ನಲು ಅದು ಚೆನ್ನ. ನನಗೆ ಮೆತ್ತಗಿನದ್ದೇ ಇಷ್ಟ.

ಸರಿಬಾರದಿದ್ದರೆ

ದೋಸೆಯ ಹಾಗೆ ಹರಡಿಕೊಂಡಿತಾ? ಬೆಣ್ಣೆ ಬೆಚ್ಚಗಿತ್ತು, ಅಥವಾ ಟ್ರೇ ಬಿಸಿಯಿತ್ತು. ಹರಡಲೇ ಇಲ್ಲವಾ? ಮೈದಾ ಜಾಸ್ತಿ ಬಿದ್ದಿದೆ. ತಳ ಸೀದು ಮೇಲೆ ಹಸಿ ಉಳಿದರೆ ಟ್ರೇ ಕೆಳಗಿನ ಕಾಯಿಲ್‌ಗೆ ತೀರಾ ಹತ್ತಿರವಿದೆ, ಒಂದು ಹಂತ ಮೇಲಕ್ಕಿಡಿ. ಸಣ್ಣ ಓವನ್‌ಗಳಲ್ಲಿ ಇದು ಜಾಸ್ತಿ. ಇನ್ನೊಂದು ಟ್ರೇ ಕೆಳಗೆ ಜೋಡಿಸಿದರೂ ಆಗುತ್ತದೆ. ಕಹಿಯಾದರೆ ಮಸಾಲೆ ಸೀದಿರಬೇಕು, ಇಲ್ಲವೇ ಲವಂಗದ ಅಥವಾ ಸೋಡಾದ ಅಳತೆ ತಪ್ಪಿರಬೇಕು. ಘಮವೇ ಇಲ್ಲ ಅಂದರೆ ಪುಡಿ ಹಳೆಯದು.

ಇಟ್ಟುಕೊಳ್ಳುವುದು

ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮೇಲಿನ ಸಕ್ಕರೆ ಕರಗುತ್ತದೆ. ಐದಾರು ದಿನ ಮೆತ್ತಗೇ ಇರುತ್ತವೆ. ಗಟ್ಟಿಯಾಗತೊಡಗಿದರೆ ಡಬ್ಬದಲ್ಲಿ ಒಂದು ತುಂಡು ಬ್ರೆಡ್ ಇಡಿ. ಬ್ರೆಡ್ ಒಣಗುತ್ತದೆ, ಅದರ ತೇವ ಕುಕ್ಕಿಗೆ ಬರುತ್ತದೆ.

ನಾನು ಒಂದೇ ಸಲಕ್ಕೆ ಎಲ್ಲವನ್ನೂ ಬೇಕ್ ಮಾಡುವುದಿಲ್ಲ. ಹತ್ತು ಹನ್ನೆರಡು ಉಂಡೆಗಳನ್ನು, ಸಕ್ಕರೆಯಲ್ಲಿ ಹೊರಳಿಸದೆ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಒಂದು ಚೀಲಕ್ಕೆ ತುಂಬಿಡುತ್ತೇನೆ. ಎರಡು ಮೂರು ತಿಂಗಳು ಇರುತ್ತವೆ. ಹೊರಗೆ ಮಳೆ, ಸುಸ್ತಾಗಿ ಮನೆಗೆ ಬಂದಿರುತ್ತೀರಿ, ಯಾರ ಜೊತೆ ಮಾತೂ ಬೇಡ ಅನ್ನಿಸುವ ದಿನ. ಅಂಥ ದಿನ ಎರಡು ಉಂಡೆ ತೆಗೆದು, ಅಂಗೈಯಲ್ಲಿ ಅರೆ ನಿಮಿಷ ಹಿಡಿದು ಮೇಲ್ಮೈ ತೇವವಾದ ಮೇಲೆ ಸಕ್ಕರೆಯಲ್ಲಿ ಹೊರಳಿಸಿ, ಕಾದ ಓವನ್‌ಗೆ ಹಾಕಿದರೆ ಆಯಿತು. ಕರಗಲು ಬಿಡುವುದು ಬೇಡ, ಮಾಮೂಲಿಗಿಂತ ಒಂದೆರಡು ನಿಮಿಷ ಜಾಸ್ತಿ ಇಟ್ಟರೆ ಸಾಕು. ಚೀಲದ ಮೇಲೆ ಮಾಡಿದ ತಾರೀಕನ್ನೂ ಓವನ್‌ನ ಡಿಗ್ರಿಯನ್ನೂ ಬರೆದಿಡಿ. ನೀವಿಲ್ಲದ ದಿನ ಮನೆಯಲ್ಲಿ ಇನ್ಯಾರಿಗಾದರೂ ಬೇಕಾಗಬಹುದು.